ದೊರೆಸಾನಿಯ ರಾಜ್ಯದಲ್ಲಿ ಪುಡಾರಿ

ಜುಲೈ ೨

ಇವರಿಗೆ: ಬಂದರಿನ ಕ್ರೇನ್ ಆಪರೇಟರ್ ಹಾಗೂ ಈ ಮನೆಯ ಹಿರಿಯ ಪುತ್ರಿ.
ಇವರಿಂದ: ಅದೇ ಮನೆಯ ಕಿರಿಯ ಪುತ್ರಿ, ಅಪ್ಪನ ಲಾಂಡ್ರಿಯಲ್ಲಿ ಗಂಟು ಬಿಚ್ಚುವ ವಿಭಾಗದ ಮುಖ್ಯಸ್ಥೆ.
ವಿಷಯ: ಮನೆಯ ಜನಸಂಖ್ಯೆಯಲ್ಲಿ ಆಗಿರುವ ಅಲ್ಪ ಏರಿಕೆಯ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ಮೊನ್ನೆ ಬೆಳಿಗ್ಗೆ ಲಾಡ್ಜಿನವರ ಹೊದಿಕೆಗಳ ಗಂಟನ್ನು ಬಿಚ್ಚುವಾಗ, ಮಡಿಕೆಯೊಂದರ ಒಳಗಿನಿಂದ ಒಂದು ಜೀವಿ ಹೊರಬಂದು ನನ್ನನ್ನು ನೋಡಿ ಆಕಳಿಸಿತು. ಜೀವಿಯ ಬಣ್ಣ, ಇಸ್ತ್ರಿ ಪೆಟ್ಟಿಗೆಯನ್ನು ಮರೆತು ಮೇಲೇ ಬಿಟ್ಟ ಬಿಳಿ ಅಂಗಿಯದ್ದು. ಬಾಲ ಮೈಗಿಂತ ಒಂದು ಸೈಜು ದೊಡ್ಡದು. ಬೆಳೆದ ಮೇಲೆ ಹೊಂದುತ್ತದೆ ಎಂದು ಅಮ್ಮ ಅಭಿಪ್ರಾಯಪಟ್ಟಿದ್ದಾಳೆ. ಗಂಟಲು ಮಾತ್ರ ಈಗಾಗಲೇ ಚುನಾವಣೆಗೆ ನಿಂತವರದ್ದು. ಬಂದು ಕೂತ ಕೂಡಲೇ ಊಟದ ಬಗ್ಗೆ, ವಸತಿಯ ಬಗ್ಗೆ, ಬೆಚ್ಚಗಿನ ಜಾಗಗಳ ಹಂಚಿಕೆಯಲ್ಲಿ ಆಗಿರುವ ಅನ್ಯಾಯದ ಬಗ್ಗೆ ಭಾಷಣ ಶುರುಮಾಡಿತು. ಆದಕಾರಣ ಸರ್ವಾನುಮತದಿಂದ ಪುಡಾರಿ ಎಂದು ಹೆಸರಿಡಲಾಗಿದೆ. (ಸಭೆಯಲ್ಲಿ ಹಾಜರಿದ್ದವರು: ನಾನು.)

ಲಾಡ್ಜಿನವರಿಗೆ ಹೇಳಿ ಕಳಿಸಿದೆವು. "ನಾವು ಹೊದಿಕೆ ಮಾತ್ರ ಎಣಿಸಿ ಕೊಡೋದು, ಬೆಕ್ಕು ನಮ್ಮ ಲೆಕ್ಕಕ್ಕೆ ಬರಲ್ಲ" ಅಂದರು.

ಇನ್ನು ತಮ್ಮ ಬೆಕ್ಕಾದ ಶ್ರೀಮತಿ ದೊರೆಸಾನಿಯವರ ಪ್ರತಿಕ್ರಿಯೆ. ಅವರು ಇದುವರೆಗೂ ಯಾವುದೇ ಹೇಳಿಕೆ ನೀಡಿಲ್ಲ.

ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡಿ, ಒಟ್ಟಿಗೇ ರೇಗಿ, ಒಟ್ಟಿಗೇ ಫೋನು ಕುಕ್ಕುತ್ತೇವೆ. ಹೊರಡುವ ದಿನ ಬಸ್ಸಿನ ಕಿಟಕಿಯಿಂದ ನೀನೇ ಕೂಗಿ ಹೇಳಿದ ನಿಯಮ: ಅಮ್ಮನಿಗೆ ಫೋನು, ತರಲೆಗೆ ಪತ್ರ. ಪತ್ರದಲ್ಲಿ ನೀನು ನನ್ನ ಬಾಯಿ ಮುಚ್ಚಿಸಲು ಆಗುವುದಿಲ್ಲ, ಅದೊಂದು ದೊಡ್ಡ ಅನುಕೂಲ.

ಕೊನೆಯದಾಗಿ, ಪುಡಾರಿಯನ್ನು ಹೊರಹಾಕಬೇಕೆಂಬ ಆದೇಶವೇನಾದರೂ ತಮ್ಮಿಂದ ಬಂದಲ್ಲಿ, ಅದಕ್ಕೆ ಗಂಜಿ ಹಾಕಿ, ಗರಿಗರಿಯಾಗಿ ಇಸ್ತ್ರಿ ಮಾಡಿ, ಮಡಿಚಿ ಕಪಾಟಿನಲ್ಲಿ ಇಡಲಾಗುವುದು.

ತಮ್ಮ ಅವಿಧೇಯ,
ತರಲೆ


ಜುಲೈ ೧೦

ತರಲೆ,

ಗಂಜಿ ಹಾಕು, ಇಸ್ತ್ರಿ ಮಾಡು, ಏನು ಬೇಕಾದರೂ ಮಾಡು. ಆದರೆ ಓದಿದ ಮೇಲೆ. ಆ ಮರಿ ಎಲ್ಲಿಂದ ಬಂತೋ ಅಲ್ಲಿಗೆ, ಇಲ್ಲವೇ ಬೇಕು ಅನ್ನುವ ಯಾರಾದರೂ ಒಳ್ಳೆಯವರ ಮನೆಗೆ ಕೊಟ್ಟು ಬಾ.

ದೊರೆಸಾನಿ ಎಂಥವಳು ಅಂತ ನಿನಗೆ ಗೊತ್ತಿಲ್ಲವೇ? ಕನ್ನಡಿಯಲ್ಲಿ ತನ್ನ ಮುಖವನ್ನೇ ಕಂಡು ಗುರ್ ಅನ್ನುವವಳು. ಎದುರು ಮನೆ ಟೈಲರಣ್ಣನ ಬೆಕ್ಕು ಗೋಡೆಯ ಮೇಲೆ ನಡೆದು ಹೋದರೆ ಎರಡು ದಿನ ಆ ಗೋಡೆಯ ಮೇಲೇ ಸಿಟ್ಟು. ಅಂಥವಳ ಮನೆಗೆ ಹೇಳದೆ ಕೇಳದೆ ಇನ್ನೊಂದನ್ನು ತಂದು ಕೂರಿಸಿದ್ದೀಯ. ನಾನು ಹೊರಟು ಬಂದು ಎಷ್ಟು ದಿನವಾಯಿತು? ಅಷ್ಟರಲ್ಲೇ ನನ್ನ ಬೆಕ್ಕಿಗೆ ಬದಲಿ ಬೇಕಾಯಿತೇ? ನಾಳೆ ನನ್ನ ಮಂಚಕ್ಕೂ ಯಾರನ್ನಾದರೂ ತರುತ್ತೀಯೇನೋ.

ಬೇರೆ ಮನೆ ಸಿಗುವವರೆಗೆ ಇಟ್ಟುಕೊಳ್ಳಲೇಬೇಕು ಅಂದರೆ ಮನುಷ್ಯರ ಹಾಗೆ ಮಾಡು. ಮರಿ ಹಿಂದಿನ ಉಗ್ರಾಣದಲ್ಲಿರಲಿ, ಬಾಗಿಲು ಹಾಕಿರಲಿ. ಮೊದಲ ದಿನವೇ ಮುಖಕ್ಕೆ ಮುಖ ಹಿಡಿದು "ಹಲೋ ಹೇಳು" ಅನ್ನಬೇಡ. ಬೆಕ್ಕಿಗೆ ಮೊದಲು ವಾಸನೆಯ ಪರಿಚಯ ಆಗಬೇಕು, ಆಮೇಲೆ ಮುಖದ್ದು. ಒಂದು ಹಳೇ ಟವಲಿನಿಂದ ಮರಿಯ ಕೆನ್ನೆ, ಬೆನ್ನು ಉಜ್ಜಿ, ಅದನ್ನು ದೊರೆಸಾನಿಯ ತಟ್ಟೆಯ ಹತ್ತಿರ ಇಡು. ಅವಳ ಹಾಸಿಗೆಯ ತುಂಡೊಂದನ್ನು ಮರಿಗೆ ಕೊಡು. ಇಬ್ಬರಿಗೂ ಮುಚ್ಚಿದ ಬಾಗಿಲಿನ ಆಚೆ ಈಚೆ ಊಟ ಇಡು. ಅವಳು ಗುರ್ ಅಂದರೆ ಅನ್ನಲಿ, ಬೈಯಬೇಡ. ಅವಳ ಮನೆ ಅದು.

ಇಲ್ಲಿ ಎಲ್ಲ ಚೆನ್ನಾಗಿದೆ. ಮೇಲಿನ ಕ್ಯಾಬಿನ್‌ನಿಂದ ನೋಡಿದರೆ ಹಡಗುಗಳು ನಮ್ಮ ಸೋಪಿನ ಪೆಟ್ಟಿಗೆಗಳ ಹಾಗೆ ಕಾಣುತ್ತವೆ. ಮೇಸ್ತ್ರಿ ಒಳ್ಳೆಯವರು. ಅಪ್ಪನಿಗೆ ಹೇಳು.

ದೊರೆಸಾನಿ ಸರಿಯಾಗಿ ತಿನ್ನುತ್ತಿದ್ದಾಳಾ? ಅಮ್ಮನನ್ನು ಕೇಳಿದರೆ "ಎಲ್ಲಾ ಆರಾಮ" ಅನ್ನುತ್ತಾಳೆ. ಅಮ್ಮ ಮನೆಗೆ ಬೆಂಕಿ ಬಿದ್ದರೂ "ಎಲ್ಲಾ ಆರಾಮ, ಸ್ವಲ್ಪ ಸೆಕೆ" ಅನ್ನುವವಳು. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ.

ಅಕ್ಕ


ಜುಲೈ ೧೯

ವಿಷಯ: ವಾಸನಾ ವಿನಿಮಯ ಯೋಜನೆಯ ಪ್ರಗತಿ ವರದಿ.

ಮಾನ್ಯ ಅಕ್ಕನವರೇ,

ತಮ್ಮ ಆದೇಶದ ಮೊದಲ ಭಾಗ, ಅಂದರೆ ಗಡೀಪಾರು, ಗಂಜಿ ಕುಡಿದು ಕಪಾಟು ಸೇರಿದೆ. ಎರಡನೆಯ ಭಾಗವನ್ನು ಅಕ್ಷರಶಃ ಪಾಲಿಸಿದ್ದೇನೆ. ಆದರೆ ತಾವು ಒಂದು ಸಣ್ಣ ಸಂಗತಿಯನ್ನು ಮರೆತಿದ್ದೀರಿ. ಇದು ಲಾಂಡ್ರಿಯವರ ಮನೆ.

ಮೊದಲ ದಿನ ಟವಲಿನಿಂದ ಪುಡಾರಿಯನ್ನು ಚೆನ್ನಾಗಿ ಉಜ್ಜಿ, ತಟ್ಟೆಯ ಪಕ್ಕ ಇಟ್ಟು, ಪುಡಾರಿಗೆ ಹಾಲು ಕೊಟ್ಟು ಬಂದೆ. ಟವಲು ಇಲ್ಲ. ಹಿತ್ತಲಲ್ಲಿ ನೋಡಿದರೆ ಹಗ್ಗದ ಮೇಲೆ ನೇತಾಡುತ್ತಿದೆ, ಹಾಲಿನಂತೆ ಬೆಳ್ಳಗೆ. ಎರಡನೆಯ ದಿನ ಇನ್ನೊಂದು ಟವಲು. ಈ ಸಲ ಅಮ್ಮನನ್ನು ಸ್ಥಳದಲ್ಲೇ ಹಿಡಿದೆ.

"ಏನೇ ಇದು, ನೆಲದ ಮೇಲೆ ಟವಲು?"

"ಅಮ್ಮಾ, ಮುಟ್ಟಬೇಡ. ಅವನು ಪುಡಾರಿಯ ಕಡೆಯ ರಾಯಭಾರಿ."

"ನಿನ್ನ ರಾಯಭಾರಿ ಮೈತುಂಬಾ ಕೂದಲು. ಕೊಡಿಲ್ಲಿ."

"ಅಮ್ಮಾ, ಅದು ಕೊಳೆ ಇರಬೇಕು. ಕೊಳೆಯೇ ಅದರ ಕೆಲಸ!"

"ಅಪ್ಪನ ಮಗಳು ಆಡೋ ಮಾತಾ ಇದು? ಯಾರಾದ್ರೂ ಗಿರಾಕಿ ಕೇಳಿಸ್ಕೊಂಡ್ರೆ?"

ಮೂರನೆಯದನ್ನು ಕುರ್ಚಿಯ ಕೆಳಗೆ ಬಚ್ಚಿಟ್ಟೆ. ಅದು ಒಗೆದು, ನೀಲಿ ಹಾಕಿ, ನಾಲ್ಕು ಮಡಿಕೆಯಾಗಿ ಅದೇ ಕುರ್ಚಿಯ ಕೆಳಗೆ ವಾಪಸ್ ಬಂದಿತ್ತು. ಈಗ ದೊರೆಸಾನಿಯವರ ತಿಳಿವಳಿಕೆಯ ಪ್ರಕಾರ ಉಗ್ರಾಣದಲ್ಲಿ ಇರುವುದು ಒಂದು ಸೋಪಿನ ಬಿಲ್ಲೆ, ಮತ್ತು ಅದು ಭಾಷಣ ಮಾಡುತ್ತದೆ.

ನಿನ್ನೆ ಅಪ್ಪ ಗಂಜಿಪುಡಿ ತರಲು ಹೋಗಿ ಉಗ್ರಾಣದ ಬಾಗಿಲನ್ನು ತೆರೆದೇ ಬಿಟ್ಟರು. ಪುಡಾರಿ ಬಾಲ ಎತ್ತಿಕೊಂಡು ಮೆರವಣಿಗೆ ಹೊರಟ. ಅವನು ನೇರವಾಗಿ ದೊರೆಸಾನಿಯ ಎದುರಿಗೆ ಹೋಗಿ, ಮೂಗಿಗೆ ಮೂಗು ಬರುವ ಹಾಗೆ ಕೂತು, ಪ್ರಣಾಳಿಕೆ ಓದಿದ. ಅವಳು ನೋಡಿದಳು. ಗುರ್ ಅನ್ನಲಿಲ್ಲ, ಕಿವಿ ಹಿಂದಕ್ಕೆ ಮಡಿಚಲಿಲ್ಲ, ಏನೂ ಮಾಡಲಿಲ್ಲ. ಮುಖ ತಿರುಗಿಸಿ ಮಲಗಿದಳು. ಇತಿಹಾಸದಲ್ಲೇ ಇಷ್ಟು ಶಾಂತಿಯುತ ಸಂಧಾನ ನಡೆದಿಲ್ಲ. ನಿನ್ನ ಭಯವೆಲ್ಲ ಸುಳ್ಳಾಯಿತು, ಒಪ್ಪಿಕೋ.

ಊಟದ ವಿಚಾರ ಕೇಳಿದ್ದೀಯ. ಅದು ರಾಜ್ಯದ ಗೌಪ್ಯ ಮಾಹಿತಿ. ಬಹಿರಂಗಪಡಿಸಲು ಬರುವುದಿಲ್ಲ.

ಸೋಪಿನ ಪೆಟ್ಟಿಗೆಯಂಥ ಹಡಗುಗಳ ವಿಷಯ ಅಪ್ಪನಿಗೆ ಓದಿ ಹೇಳಿದೆ. "ಹೂಂ" ಅಂದರು. ಇಷ್ಟು ದಿನದಲ್ಲಿ ನಿನ್ನ ಕೆಲಸದ ಬಗ್ಗೆ ಅವರ ಬಾಯಿಂದ ಬಂದ ಅತಿ ಉದ್ದನೆಯ ಮಾತು ಅದು.

ತಮ್ಮ ವಿನಮ್ರ ಬಂಡಾಯಗಾರ್ತಿ,
ತರಲೆ


ಜುಲೈ ೨೬

ತರಲೆ,

ಗುರ್ ಅನ್ನಲಿಲ್ಲವಾ? ದೊರೆಸಾನಿ? ಮೂಗಿಗೆ ಮೂಗು ಇಟ್ಟರೂ?

ನನ್ನನ್ನು ಏನೆಂದುಕೊಂಡಿದ್ದೀಯ? ಒದ್ದೆ ಗುಬ್ಬಚ್ಚಿಯಂತೆ ಸಿಕ್ಕಿದ್ದ ಅವಳನ್ನು ಅಂಗೈಯಲ್ಲಿ ಹಿಡಿದು ಬೆಳೆಸಿದವಳು ನಾನು. ಅವಳು ಸುಮ್ಮನಿದ್ದಾಳೆ ಅಂದರೆ ಶಾಂತಿಯಲ್ಲ, ಅವಳಿಗೆ ಏನೋ ಆಗಿದೆ. ನೀನು ಅದನ್ನು ತಮಾಷೆಯ ಕೆಳಗೆ ತಳ್ಳುತ್ತಿದ್ದೀಯ. ನಿನ್ನ ತಮಾಷೆ ಯಾವಾಗ ಇಷ್ಟು ಉದ್ದವಾಗುತ್ತದೆ ಅಂತ ನನಗೆ ಗೊತ್ತು ಕಣೇ.

ಆಗಸ್ಟ್ ಕೊನೆಗೆ ಬಂದು ಅವಳನ್ನು ಕರೆದುಕೊಂಡು ಹೋಗುತ್ತೇನೆ. ರಜೆಗೆ ಅರ್ಜಿ ಬರೆದಿದ್ದೇನೆ. ಇಲ್ಲಿ ಕ್ವಾರ್ಟರ್ಸಿನಲ್ಲಿ ಬೆಕ್ಕು ಇಡಲು ಬಿಡುವುದಿಲ್ಲ ಅಂದರೆ ಕೆಲಸ ಬಿಟ್ಟು ಮನೆಗೇ ಬಂದುಬಿಡುತ್ತೇನೆ. ಒಂದು ಬೆಕ್ಕನ್ನು ನೋಡಿಕೊಳ್ಳಲಾಗದ ಕೆಲಸ ಯಾರಿಗೆ ಬೇಕು? ನಾನು ಬರುವ ಹೊತ್ತಿಗೆ ಆ ಮರಿ ಅಲ್ಲಿರಬಾರದು.

ನಿಜ ಬರೆ. ವಿಷಯ, ಉಲ್ಲೇಖ, ಮಾನ್ಯರೇ, ಏನೂ ಬೇಡ.

ಅಕ್ಕ


ಆಗಸ್ಟ್ ೧

ಅಕ್ಕಾ,

ವಿಷಯ, ಉಲ್ಲೇಖ ಬಿಟ್ಟಿದ್ದೇನೆ. ಬರಿಗಾಲಲ್ಲಿ ನಡೆದ ಹಾಗಾಗುತ್ತಿದೆ.

ನೀನು ಹೋದಾಗ ನಿನ್ನ ಹಳೇ ನೀಲಿ ಅಂಗಿ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದು ಹಾಗೇ ಇತ್ತು. ದೊರೆಸಾನಿ ಅದನ್ನು ಕೆಳಕ್ಕೆಳೆದುಕೊಂಡು ಅದರ ಮೇಲೆಯೇ ಇರುತ್ತಿದ್ದಳು. ಅಲ್ಲೇ ಮಲಗುವುದು, ಎದ್ದು ಬಂದು ತಿಂದು ಮತ್ತೆ ಅಲ್ಲಿಗೇ ಹೋಗುವುದು. ಚೆನ್ನಾಗಿದ್ದಳು. ಒಂದು ದಿನ ಅಮ್ಮ ನಿನ್ನ ಕೋಣೆ ಗುಡಿಸಲು ಹೋದಳು. ನೆಲದ ಮೇಲೆ ಅಂಗಿ ಕಂಡಿತು. ಮುಂದಿನದು ನಿನಗೆ ಗೊತ್ತು. ಕಾಲರಿಗೆ ಗಂಜಿ ಕೂಡ ಹಾಕಿದ್ದಳು. "ಅವಳು ಬಂದಾಗ ಹಾಕ್ಕೊಳ್ಳೋಕೆ ಶುಭ್ರವಾಗಿರಲಿ" ಅಂತ.

ಆ ಅಂಗಿಯನ್ನು ವಾಪಸ್ ಹಾಸಿ ನೋಡಿದೆವು. ದೊರೆಸಾನಿ ಮೂಸಿದಳು. ತುದಿಯಿಂದ ತುದಿಯವರೆಗೆ ಮೂಸಿ, ಕೆಳಗೆ ಇಳಿದು, ನಿನ್ನ ಕೋಣೆಯ ಹೊಸ್ತಿಲಲ್ಲಿ ಬೀದಿಬಾಗಿಲ ಕಡೆ ಮುಖ ಮಾಡಿ ಕೂತಳು. ಇವತ್ತಿಗೂ ಅಲ್ಲೇ ಕೂತಿದ್ದಾಳೆ. ತಿನ್ನುವುದು ಒಂದೆರಡು ತುತ್ತು, ಅದೂ ನಾನು ಬೆರಳಲ್ಲಿ ಹಿಡಿದರೆ. ಪಶುವೈದ್ಯರ ಹತ್ತಿರ ಹೋಗಿ ಬಂದೆವು. ಮೈಯಲ್ಲಿ ರೋಗವಿಲ್ಲ, ಯಾರನ್ನೋ ಹುಡುಕುತ್ತಿದ್ದಾಳೆ, ಹಾಗೇ ಬಿಟ್ಟರೆ ಮೈಗೂ ಬರುತ್ತದೆ ಅಂದರು. ಅಮ್ಮನಿಗೆ ಗೊತ್ತಾದ ದಿನ "ಈ ಕೈಗೆ ಬೆಂಕಿ ಹಾಕ" ಅಂತ ತನ್ನ ಕೈಯನ್ನೇ ಬೈದುಕೊಂಡು ಕೂತಿದ್ದಳು. ನಿನಗೆ ಫೋನಿನಲ್ಲಿ "ಎಲ್ಲಾ ಆರಾಮ" ಅಂದದ್ದೂ ಅವತ್ತೇ.

ಪುಡಾರಿ ಗಂಟಿನಲ್ಲಿ ಬಂದವನಲ್ಲ. ಲಾಡ್ಜಿನ ಹಿತ್ತಲಲ್ಲಿ ಒಬ್ಬನೇ ಕಿರುಚುತ್ತಿದ್ದವನನ್ನು ನಾನೇ ಗಂಟಿನೊಳಗೆ ಹಾಕಿಕೊಂಡು ತಂದೆ. ಬದಲಿ ಅಂತ ತಂದದ್ದಲ್ಲ ಅಕ್ಕಾ. ಅವಳಿಗೆ ಸಿಟ್ಟು ಬರಲಿ ಅಂತ ತಂದೆ. ಸಿಟ್ಟು ಬಂದರಾದರೂ ಆ ಹೊಸ್ತಿಲು ಬಿಟ್ಟು ಏಳುತ್ತಾಳೆ ಅಂದುಕೊಂಡೆ. ಏಳಲಿಲ್ಲ.

ನಿನಗೆ ಬರೆಯಲಿಲ್ಲ, ಯಾಕೆಂದರೆ ಬರೆದರೆ ನೀನು ಓಡಿ ಬರುತ್ತೀಯ ಅಂತ ಗೊತ್ತಿತ್ತು. ನೋಡು, ಪೂರ್ತಿ ತಿಳಿಯುವ ಮೊದಲೇ ಹೊರಟು ನಿಂತಿದ್ದೀಯ. ನೀನು ಬರಕೂಡದು. ಈ ಮನೆಯಲ್ಲಿ ನಿನಗೆ ಹೀಗೆ ಹೇಳುವ ಧೈರ್ಯ ಬೇರೆ ಯಾರಿಗೂ ಇಲ್ಲ, ಆದ್ದರಿಂದ ನಾನು ಹೇಳುತ್ತಿದ್ದೇನೆ. "ಹುಡುಗಿ ಕ್ರೇನ್ ಹತ್ತೋದಾ, ಇನ್ನೇನು ಗಂಡು ಸಿಕ್ಕ ಹಾಗೇ" ಅಂತ ಸೋದರತ್ತೆ ಅಂದಾಗ ನೀನು ಅವಳೆದುರೇ ಪರೀಕ್ಷೆಯ ಪುಸ್ತಕ ತೆಗೆದು ಗಟ್ಟಿಯಾಗಿ ಓದಲು ಶುರುಮಾಡಿದವಳು. ಅಪ್ಪ ಮಾತು ಬಿಟ್ಟರೂ ಬಸ್ಸು ಹತ್ತಿದವಳು. ಆ ನೀನು ಒಂದು ಬೆಕ್ಕಿನ ನೆಪ ಸಿಕ್ಕ ಕೂಡಲೇ ಕೆಲಸ ಬಿಡುತ್ತೇನೆ ಅನ್ನುತ್ತೀಯ? ನನಗೆ ಅದೂ ವಿಚಿತ್ರವಾಗಿ ಕಾಣುತ್ತಿದೆ, ಬರೆದಿಟ್ಟಿರುತ್ತೇನೆ.

ನೀನು ಬರಬೇಡ. ನಿನ್ನ ಒಂದು ಅಂಗಿ ಕಳಿಸು. ಕೆಲಸಕ್ಕೆ ಹಾಕಿದ್ದು, ಬೆವರಿದ್ದು. ಒಗೆದರೆ ನಿನ್ನ ಮೇಲಾಣೆ, ಜನ್ಮದಲ್ಲಿ ನಿನಗೆ ಪತ್ರ ಬರೆಯುವುದಿಲ್ಲ.

ಪುಡಾರಿಯನ್ನೂ ಎಲ್ಲಿಗೂ ಕಳಿಸುವುದಿಲ್ಲ. ಈ ಮನೆಯಲ್ಲಿ ಈಗ ದೊರೆಸಾನಿಯ ಜೊತೆ ಬಿಡದೆ ಮಾತಾಡುವವನು ಅವನೊಬ್ಬನೇ.

ತರಲೆ


ಆಗಸ್ಟ್ ೮

ತರಲೆ,

ಪತ್ರ ಓದಿ ನಿನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಬರೆಯಲು ಕೂತು ಎದ್ದೆ. ಅಮ್ಮನಿಗೆ ಹೇಳು, ಕೈ ಬೈದುಕೊಳ್ಳುವುದು ಬೇಡ ಅಂತ. ಆ ಕೈ ಒಗೆದ ಅಂಗಿಗಳನ್ನೇ ಹಾಕಿಕೊಂಡು ನಾವಿಬ್ಬರೂ ಬೆಳೆದದ್ದು.

ಅಂಗಿ ಕಳಿಸಿದ್ದೇನೆ. ವಾರವಿಡೀ ಹಾಕಿದ್ದು. ಮಡಿಚುವಾಗ ನನಗೇ ಮೂಗು ಮುಚ್ಚಿಕೊಳ್ಳಬೇಕು ಅನ್ನಿಸಿತು. ಲಾಂಡ್ರಿಯವರ ಮಗಳು ಕೊಳಕು ಅಂಗಿಯನ್ನು ಪಾರ್ಸೆಲ್ ಮಾಡುತ್ತಿದ್ದಾಳೆ ಅಂತ ಅಂಚೆಯವರಿಗೆ ತಿಳಿದರೆ ನಮ್ಮ ಮನೆತನ ಮುಗಿಯಿತು. ಒಳಗೇನು ಅಂತ ಕೇಳಿದರು. "ಔಷಧಿ" ಅಂದೆ.

ಪಾರ್ಸೆಲ್ಲನ್ನು ಅಪ್ಪನ ಮುಂದೆ ಬಿಚ್ಚಬೇಡ. ಅಂಗಿ ತುಂಬಾ ಕೊಳೆಯಾಗಿದೆ, ಅವರಿಗೆ ಇಷ್ಟವಾಗುವುದಿಲ್ಲ, ಅಷ್ಟೇ.

ಕೆಲಸದ ವಿಷಯದಲ್ಲಿ ವಿಚಿತ್ರ ಏನೂ ಇಲ್ಲ. ಎಲ್ಲ ಚೆನ್ನಾಗಿದೆ. ಆಗಸ್ಟ್ ಕೊನೆಗೆ ಬರುವ ಮಾತು ಮಾತೇ.

ಅಕ್ಕ


ಆಗಸ್ಟ್ ೧೬

ಅಕ್ಕಾ,

ಪಾರ್ಸೆಲ್ ಅಪ್ಪನ ಕೈಗೇ ಬಂತು. ಅಂಚೆಯಣ್ಣ ಅಂಗಡಿಯಲ್ಲೇ ಕೊಟ್ಟು ಹೋದ, ನಾನು ಗಿರಾಕಿಗಳ ಮನೆಗೆ ಬಟ್ಟೆ ಕೊಡಲು ಹೋಗಿದ್ದೆ. ನಾನು ಬರುವಷ್ಟರಲ್ಲಿ ಅಪ್ಪ ಅದನ್ನು ಇಸ್ತ್ರಿ ಮೇಜಿನ ಮೇಲೆ ಹಾಸಿ, ಕನ್ನಡಕ ಹಾಕಿಕೊಂಡು ನೋಡುತ್ತಿದ್ದರು. ಅವರ ಪಕ್ಕದಲ್ಲಿ ಅಮ್ಮ, ಎರಡೂ ಕೈಗಳನ್ನು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು. "ನಾನು ಮುಟ್ಟಿಲ್ಲ ಕಣೇ, ನೋಡು, ನಾನು ಮುಟ್ಟೇ ಇಲ್ಲ" ಅಂದಳು.

ಅಪ್ಪ ಕೇಳಿದರು. "ಅವಳು ಎಲ್ಲಿ ಕೂತು ಕೆಲಸ ಮಾಡ್ತಾಳೆ ಅಂದೆ?"

"ಮೇಲೆ, ಕ್ಯಾಬಿನ್ನಿನಲ್ಲಿ. ಕುರ್ಚಿಯ ಮೇಲೆ."

"ದಿನವೆಲ್ಲ ಕುರ್ಚಿಗೆ ಒರಗಿ ಕೂರೋರ ಅಂಗಿ ಬೆನ್ನಲ್ಲಿ ಕೊಳೆ ಆಗುತ್ತೆ. ಇದರ ಬೆನ್ನು ಹೊಸದರ ಹಾಗಿದೆ. ಕೊಳೆ ಇರೋದು ಎದೆ ಮೇಲೆ, ಮೊಣಕೈ ಮೇಲೆ. ಬಗ್ಗಿ ನೆಲ ಉಜ್ಜಿದ್ದಾಳೆ. ಹೆಗಲ ಮೇಲೆ ತುಕ್ಕಿನ ಗೆರೆ ನೋಡು. ಸರಪಳಿ ಹೊತ್ತಿದ್ದಾಳೆ. ಇದು ಮೇಲೆ ಕೂತೋರ ಅಂಗಿ ಅಲ್ಲ."

ಆಮೇಲೆ ಇಸ್ತ್ರಿ ಪೆಟ್ಟಿಗೆ ಕೈಗೆತ್ತಿಕೊಂಡರು. ಯಾರದ್ದೋ ಅಂಗಿಯ ಒಂದೇ ಕಾಲರನ್ನು ತೀಡಿದ್ದೇ ತೀಡಿದ್ದು. ನಾನು ಏನಾದರೂ ತಮಾಷೆ ಮಾಡಬೇಕಿತ್ತು. ಬರಲಿಲ್ಲ.

ಅಂಗಿ ಎತ್ತಿಕೊಂಡು ಒಳಗೆ ಹೋದೆ. ಹೊಸ್ತಿಲಿಗೆ ಇನ್ನೂ ತಲುಪಿರಲಿಲ್ಲ. ದೊರೆಸಾನಿ ತಲೆ ಎತ್ತಿದಳು, ಎದ್ದಳು, ಎದ್ದವಳು ನನ್ನ ಕಾಲಿಗೆ ಅಡ್ಡ ಬಂದು, ಅಂಗಿಯನ್ನು ಕೆಳಗಿಡುವವರೆಗೂ ಕೂಗಿದಳು. ಎದೆಯ ಭಾಗದಲ್ಲಿ ಮುಖ ಹುದುಗಿಸಿ, ಮುಂಗಾಲಿನಿಂದ ತುಳಿದು ತುಳಿದು, ಅದರ ಮೇಲೆ ಮಗುಚಿಕೊಂಡಳು. ಸಂಜೆ ತಟ್ಟೆ ನೆಕ್ಕಿ, ಇನ್ನೂ ಇಲ್ಲವಾ ಅಂತ ನನ್ನನ್ನು ಗದರಿದಳು.

ಇನ್ನು ಪುಡಾರಿ. ಉಗ್ರಾಣದಿಂದ ಬಂದು ಇದನ್ನೆಲ್ಲ ನೋಡಿ, ತನ್ನ ಪಾಲು ಎಲ್ಲಿ ಅನ್ನುವ ಹಾಗೆ ಅಂಗಿಯ ತೋಳಿನ ಮೇಲೆ ಹತ್ತಿ ಕೂತ. ದೊರೆಸಾನಿ ತಿರುಗಿದಳು. ಕಿವಿ ಮಡಿಚಿ, ಗುರ್‍ರ್ ಅಂದು, ಮುಖಕ್ಕೆ ಒಂದು ಬಾರಿಸಿದಳು ನೋಡು! ಅಮ್ಮ ಚಪ್ಪಾಳೆ ತಟ್ಟಿಬಿಟ್ಟಳು. "ಹೊಡೆದಳು, ರೀ, ಹೊಡೆದಳು!" ಅಂತ ಅಂಗಡಿಯವರೆಗೂ ಓಡಿದಳು. ಗಿರಾಕಿಯೊಬ್ಬರು ಯಾರಿಗೆ ಏನಾಯಿತು ಅಂತ ಗಾಬರಿಯಾದರು.

ಪುಡಾರಿ ತೋಳಿನಿಂದ ಉರುಳಿ ಬಿದ್ದ. ಎದ್ದು, ಮೈ ಕೊಡವಿ, ಮತ್ತೆ ತೋಳಿನ ಮೇಲೇ ಬಂದು ಕೂತ. ಮತ್ತೆ ಹೊಡೆತ. ಮತ್ತೆ ಬಂದ. ಎರಡು ದಿನ ಇದೇ ನಡೆಯಿತು. ನಾನು ಪಕ್ಕದಲ್ಲೇ ಕೂತು ನೋಡಿದೆ, ಉಗುರು ಮಾತ್ರ ಅವಳು ಹೊರಗೆ ತೆಗೆಯಲೇ ಇಲ್ಲ. ಅವನು ಒಂದು ಸಲವೂ ತಿರುಗಿ ಹೊಡೆಯಲಿಲ್ಲ, ಓಡಿಯೂ ಹೋಗಲಿಲ್ಲ, ಕೂರಲೇ ಅಂತ ಕೇಳಲೂ ಇಲ್ಲ. ಈಗ ಎದೆಯ ಮೇಲೆ ಅವಳು, ತೋಳಿನ ತುದಿಯ ಗುಂಡಿಯ ಹತ್ತಿರ ಅವನು. ಇಬ್ಬರ ಮೈಯಿಂದಲೂ ನಿನ್ನದೇ ವಾಸನೆ. ಗ್ರೀಸು, ತುಕ್ಕು, ಫಿನೈಲು.

ಇದನ್ನು ಬೆಕ್ಕಿನ ಬಗ್ಗೆ ಮಾತ್ರ ಬರೆದಿದ್ದೇನೆ. ನಿನಗೆ ಇದರಲ್ಲಿ ಬೇರೇನಾದರೂ ಕಂಡರೆ ಅದಕ್ಕೆ ಈ ವಿಭಾಗ ಹೊಣೆಯಲ್ಲ.

ಈಗ ದೊರೆಸಾನಿಯ ನೆಪ ನಿನಗಿಲ್ಲ. ಅವಳು ತಿನ್ನುತ್ತಾಳೆ, ಬೈಯುತ್ತಾಳೆ, ಹೊಡೆಯುತ್ತಾಳೆ. ನಿನಗೆ ಸುಸ್ತಾಗಿದ್ದರೆ ಬಾ, ನಾಲ್ಕು ದಿನ ಮಲಗು, ಅಮ್ಮನ ಕೈಯಡುಗೆ ತಿನ್ನು, ವಾಪಸ್ ಹೋಗು. ಅಲ್ಲಿ ಯಾರೋ ನಿನ್ನನ್ನು ಮೇಲೆ ಹತ್ತಲು ಬಿಡುತ್ತಿಲ್ಲ ಅನ್ನುವ ಕಾರಣಕ್ಕೆ ಪೆಟ್ಟಿಗೆ ಕಟ್ಟಿಕೊಂಡು ಬಂದೆ ಅಂದುಕೋ, ಬಾಗಿಲು ತೆಗೆಯುವುದಿಲ್ಲ. ನಾನು ತೆಗೆಯುವುದಿಲ್ಲ. ನೀನು ಹಿತ್ತಲಿನಿಂದ ಬರಬೇಕು.

ಅಪ್ಪ ಒಂದು ಮಾತು ಬರೆಯಲು ಹೇಳಿದ್ದಾರೆ. ಅವರು ಹೇಳಿದ ಹಾಗೇ ಬರೆಯುತ್ತೇನೆ: "ಸೋತು ವಾಪಸ್ ಬರ್ತೀಯ ಅಂತ ಅವತ್ತು ಅಂದಿದ್ದೆ. ಆ ಮಾತು ವಾಪಸ್ ತಗೊಂಡೆ ಅಂತ ಬರಿ."

ತರಲೆ


ಆಗಸ್ಟ್ ೨೫

ಇವರಿಗೆ: ಗಂಟು ಬಿಚ್ಚುವ ವಿಭಾಗದ ಮುಖ್ಯಸ್ಥೆ.
ವಿಷಯ: ರಜೆಯ ಅರ್ಜಿಯನ್ನು ಹಿಂಪಡೆದಿರುವ ಕುರಿತು.

ಮಾನ್ಯರೇ,

ಅಪ್ಪ ಹೇಳಿದ್ದು ನಿಜ. ಬಂದ ದಿನದಿಂದ ನಾನು ಮೇಲೆ ಹತ್ತಿಲ್ಲ. ಹಡಗು ಸೋಪಿನ ಪೆಟ್ಟಿಗೆಯಂತೆ ಕಾಣುವುದು ತರಬೇತಿಯಲ್ಲಿ ಕಂಡದ್ದು. ಆಫೀಸಿನವರು ಬೋರ್ಡಿನ ಮೇಲೆ ಆಪರೇಟರ್ ಅಂತ ನನ್ನ ಹೆಸರು ಬರೆಯುತ್ತಾರೆ. ಮೇಸ್ತ್ರಿ ಬಂದು "ಇವತ್ತು ಗಾಳಿ ಜಾಸ್ತಿ ಅಮ್ಮಾ, ಕೆಳಗೆ ಸರಪಳಿ ನೋಡ್ಕೋ" ಅನ್ನುತ್ತಾರೆ. ಗಾಳಿ ಇಲ್ಲದ ದಿನ ಭಾರ ಜಾಸ್ತಿ. ಭಾರ ಇಲ್ಲದ ದಿನ ಮೆಟ್ಟಿಲು ಜಾರುತ್ತದೆ, ಆದ್ದರಿಂದ ಅದನ್ನು ಉಜ್ಜು. "ಹಾಗಾದರೆ ನಾನು ಹತ್ತೋದು ಯಾವಾಗ?" ಅಂತ ಕೇಳಿದರೆ ಒಂದೇ ಉತ್ತರ. "ನೋಡೋಣ, ಮುಂದಿನ ವಾರ." ಒಂದು ದಿನವೂ ಗದರಿಲ್ಲ. ಗದರಿದ್ದರೆ ಜಗಳವಾಡುತ್ತಿದ್ದೆ. ಇಷ್ಟು ಮೃದುವಾಗಿ ಹೇಳುವವರ ಹತ್ತಿರ ಹೇಗೆ ಜಗಳವಾಡುವುದು ಅಂತ ತಿಳಿಯದೆ ನೆಲ ಉಜ್ಜುತ್ತಿದ್ದೆ. ಮೊನ್ನೆ ಮೊನ್ನೆಯವರೆಗೂ ದೊರೆಸಾನಿಗೆ ನಾನು ಬೇಕು ಅಂತ ಬರೆದೆನಲ್ಲ, ನಿಜವಾಗಿ ನನಗೇ ಅವಳು ಬೇಕಿತ್ತು.

ನಿನ್ನ ಪತ್ರ ಬಂದ ಮಾರನೇ ದಿನ ಬೋರ್ಡಿನ ಮೇಲೆ ನನ್ನ ಹೆಸರಿತ್ತು. ಮೇಸ್ತ್ರಿ ಬರುವ ಮೊದಲೇ ಬೆಲ್ಟು ಕಟ್ಟಿಕೊಂಡು, ಬುತ್ತಿ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಏಣಿ ಹತ್ತಿದೆ. ನಾನೇ ಉಜ್ಜಿದ ಮೆಟ್ಟಿಲು, ಒಂದೂ ಜಾರಲಿಲ್ಲ. ಕ್ಯಾಬಿನ್ನಿನ ಬಾಗಿಲು ತೆಗೆದು, ಕುರ್ಚಿಯ ಮೇಲೆ ಕೂತು, ಪರೀಕ್ಷೆಗೆ ಓದಿದ ಕ್ರಮದಲ್ಲೇ ಬ್ರೇಕು, ಹಗ್ಗ, ಕೊಕ್ಕೆ ಎಲ್ಲ ನೋಡಿಕೊಂಡೆ. ಎಲ್ಲ ಸರಿಯಿತ್ತು. ಗಾಳಿಯೂ ಇರಲಿಲ್ಲ.

ಮೇಸ್ತ್ರಿ ಕೆಳಗೆ ಬಂದು ನಿಂತರು. ಮೊದಲು ಮೃದುವಾಗಿ ಕರೆದರು. ಆಮೇಲೆ ರೇಡಿಯೋದಲ್ಲಿ. ಆಮೇಲೆ ಮೊಟ್ಟಮೊದಲ ಸಲ ಗಂಟಲು ಕಿತ್ತುಹೋಗುವ ಹಾಗೆ ಕಿರುಚಿದರು. "ಏಯ್ ಹುಡುಗಿ, ಇಳೀತೀಯೋ ಇಲ್ವೋ?"

ರೇಡಿಯೋ ಎತ್ತಿಕೊಂಡು ಹೇಳಿದೆ. "ನೋಡೋಣ ಸರ್, ಮುಂದಿನ ವಾರ."

ಕೆಳಗೆ ಇದ್ದವರೆಲ್ಲ ನಕ್ಕರು. ಅವರು ನಗಲಿಲ್ಲ. ಬೋರ್ಡು ನೋಡಿ ಬಂದರು, ಹಡಗು ನೋಡಿದರು, ನನ್ನನ್ನು ನೋಡಿದರು. ಹಡಗಿನವರು ಸರಕು ಇಳಿಸಿಕೊಳ್ಳಲು ಅವಸರ ಮಾಡುತ್ತಿದ್ದರು. ಕೊನೆಗೆ ಮೇಸ್ತ್ರಿ ತಲೆಯ ಮೇಲಿನ ಹೆಲ್ಮೆಟ್ಟನ್ನು ಸರಿಮಾಡಿಕೊಂಡು, ನಡುದಾರಿಯಲ್ಲಿ ಬಂದು ನಿಂತು, ಕೈ ಎತ್ತಿ, ಎತ್ತು ಅನ್ನುವ ಸನ್ನೆ ಮಾಡಿದರು. ಎತ್ತಿದೆ. ಕಂಟೇನರ್ ಹಡಗು ಬಿಟ್ಟು ಮೇಲೆ ಬಂತು. ಮೊದಲನೆಯದನ್ನು ಇಳಿಸುವಾಗ ಗೆರೆಯಿಂದ ಒಂದು ಗೇಣು ಆಚೆ ಇಟ್ಟೆ. ಚೆನ್ನಾಗಿ ಬೈದರು. ಎರಡನೆಯದು ಗೆರೆಯ ಮೇಲೇ ಕೂತಿತು. ಅದಕ್ಕೆ ಏನೂ ಅನ್ನಲಿಲ್ಲ. ಸಂಜೆ ಇಳಿದು ಬಂದಾಗ "ನಾಳೆ ಹೇಳದೆ ಕೇಳದೆ ಹತ್ತಿದ್ರೆ ಕಾಲು ಮುರೀತೀನಿ" ಅಂದರು.

"ನಾಳೆ ಹೇಳಿ ಹತ್ತುತ್ತೀನಿ ಸರ್" ಅಂದೆ.

ಮರುದಿನ ಏಣಿಯ ಬುಡದಲ್ಲಿ ನಿಂತು, "ಹತ್ತುತ್ತಿದ್ದೇನೆ ಸರ್" ಅಂತ ಇಡೀ ಬಂದರಿಗೆ ಕೇಳುವ ಹಾಗೆ ಕೂಗಿ ಹತ್ತಿದೆ. ಅವತ್ತಿನಿಂದ ದಿನವೂ ಕೂಗುತ್ತೇನೆ, ದಿನವೂ ಅವರು ಬೈಯುತ್ತಾರೆ, ದಿನವೂ ಹತ್ತುತ್ತೇನೆ.

ಆದಕಾರಣ ಆಗಸ್ಟ್ ಕೊನೆಗೆ ಬರುವ ಮಾತನ್ನು ರದ್ದುಪಡಿಸಲಾಗಿದೆ. ಅಪ್ಪನಿಗೆ ಇನ್ನೊಂದು ಅಂಗಿ ಕಳಿಸುತ್ತಿದ್ದೇನೆ, ಬೆನ್ನು ನೋಡಲಿ. ನೋಡಿದ ಮೇಲೆ ಅಮ್ಮ ಅದನ್ನು ಮನಸಾರೆ ಒಗೆಯಬಹುದು.

ದೊರೆಸಾನಿಗೆ ನನ್ನ ಮುತ್ತು. ಅವಳಿಗೆ ಹೊಡೆಯಬೇಕು ಅನ್ನಿಸಿದಷ್ಟು ಹೊಡೆಯಲಿ, ಅವಳ ಮನೆ ಅದು. ಪುಡಾರಿಯನ್ನು ಮಾತ್ರ ಆ ತೋಳಿನ ಮೇಲಿಂದ ಯಾರೂ ಎತ್ತಿ ಇಳಿಸತಕ್ಕದ್ದಲ್ಲ. ಇದು ಆದೇಶ. ಗಂಜಿ ಹಾಕಿದರೆ ಹುಷಾ‌ರ್.

ಅಕ್ಕ,
ಕ್ರೇನ್ ಆಪರೇಟರ್